ಸಂತೋಷಕ್ಕೂ ದಿನದಲ್ಲಿ ಒಂದು ಹೊತ್ತು ಇರಲಿ

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: "ಇದೊಂದು ಮುಗಿಯಲಿ, ಆಮೇಲೆ ನೋಡೋಣ." ಕಾಫಿ ಕೊಯ್ಲು ಮುಗಿಯಲಿ, ಸಂಘದ ಸಾಲ ತೀರಲಿ, ಅತ್ತೆಯ ಕಾಯಿಲೆ ವಾಸಿಯಾಗಲಿ, ಮಗಳಿಗೊಂದು ನೆಲೆ ಸಿಗಲಿ. ತವರಿಗೆ ಹೋಗಿ ನಾಲ್ಕು ದಿನ ಇರುವುದು, ಅಕ್ಕತಂಗಿಯರೊಂದಿಗೆ ಕುಳಿತು ನಗುವುದು ಎಲ್ಲವೂ ಆಮೇಲೆ. ಕೊಯ್ಲು ಮುಗಿದರೆ ನೆರಳಿನ ಮರಗಳ ಕೊಂಬೆ ಸವರುವ ಮರಗಸಿ, ಮರಗಸಿ ಮುಗಿದರೆ ಗೊಬ್ಬರ, ಅಷ್ಟರಲ್ಲಿ ಮಳೆ ಹಿಡಿಯುತ್ತದೆ. ಬಯಲುಸೀಮೆಯ ಕಥೆಯೂ ಬೇರೆಯಲ್ಲ. ಅರಸೀಕೆರೆ, ಕಡೂರಿನವರಿಗೆ ತೆಂಗಿಗೆ ನೀರಿಲ್ಲದ ಚಿಂತೆ, ಹಾಸನದ ಸುತ್ತಿನವರಿಗೆ ಆಲೂಗಡ್ಡೆಗೆ ಅಂಗಮಾರಿ ಬೀಳುವ ಭಯ. "ಆಮೇಲೆ" ಎಂಬ ದಿನ ಬರುವುದೇ ಇಲ್ಲ.

ಕಷ್ಟದ ನಡುವೆಯೇ ಸಂತೋಷಕ್ಕೆ ದಿನದಲ್ಲಿ ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಮನೆಯಲ್ಲಿ ಏನೇ ಆಗಿರಲಿ ಹಸುವಿನ ಹಾಲು ಕರೆಯುವ ಹೊತ್ತನ್ನು ನಾವು ಹೇಗೆ ತಪ್ಪಿಸುವುದಿಲ್ಲವೋ ಹಾಗೆಯೇ ಅದನ್ನೂ ತಪ್ಪಿಸಬಾರದು. ಹಾಗೆಂದ ಮಾತ್ರಕ್ಕೆ ಕಷ್ಟವಿಲ್ಲವೆಂದು ನಟಿಸಬೇಕಿಲ್ಲ. ಕಷ್ಟವನ್ನು ಸರಿಯಾಗಿ ನೋಡುವುದರಿಂದಲೇ ಆರಂಭಿಸೋಣ.

ಮೊದಲು ಚಿಂತೆಗೆ ಒಂದು ಹೊತ್ತು ಕೊಡಿ

ಚಿಂತೆ ಬೆಳಗ್ಗೆ ಎದ್ದ ಕೂಡಲೇ ಬರುತ್ತದೆ, ಊಟದ ತಟ್ಟೆಯ ಮುಂದೆ ಬರುತ್ತದೆ, ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕೂರಿಸುತ್ತದೆ. ಅದನ್ನು ಒಂದು ಹೊತ್ತಿಗೆ ಕಟ್ಟಿಹಾಕುವ ಕ್ರಮವೊಂದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿ ನೋಡಿದರು. ದಿನವೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಅರ್ಧ ಗಂಟೆ ಕುಳಿತು ಚಿಂತೆ ಮಾಡುವುದು. ಬೇರೆ ಹೊತ್ತಿನಲ್ಲಿ ಅದು ತಲೆ ಎತ್ತಿದರೆ "ನಿನ್ನ ಸರದಿ ಸಂಜೆಗೆ" ಎಂದು ಮುಂದಕ್ಕೆ ಹಾಕುವುದು. ನಮ್ಮ ಮನೆಗಳಿಗೆ ಇದು ಹೇಳಿ ಮಾಡಿಸಿದ ಕ್ರಮ. ಸಂಜೆ ಐದೂವರೆಯಿಂದ ಆರರವರೆಗೆ, ದೀಪ ಹಚ್ಚುವ ಮೊದಲು, ಒಂದು ನೋಟ್‌ಪುಸ್ತಕ ಹಿಡಿದು ಕುಳಿತುಕೊಳ್ಳಿ. ಹಾಸಿಗೆಯ ಮೇಲೆ ಮಾತ್ರ ಬೇಡ. ಮಲಗುವ ಜಾಗ ಚಿಂತೆಯ ಜಾಗವಾದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ.

ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆಗೆ ನಮ್ಮ ಕೈಯಲ್ಲಿರುವುದು, ಬಲಗಡೆಗೆ ಇಲ್ಲದ್ದು. ಸಣ್ಣ ಬೆಳೆಗಾರರೊಬ್ಬರ ಮನೆಯ ಪುಟ ಹೀಗಿರಬಹುದು. ರಾತ್ರಿ ಆನೆ ನುಗ್ಗಿ ಕಾಫಿ ಗಿಡ ತುಳಿದಿದೆ, ಮೆಣಸಿನ ಬಳ್ಳಿ ಕಿತ್ತುಬಿದ್ದಿದೆ. ಆನೆ ಮತ್ತೆ ಬರುವುದೇ ಇಲ್ಲವೇ ಎಂಬುದು ಬಲಗಡೆಯ ಮಾತು. ಬೆಳಗಾದ ಕೂಡಲೇ ಮುರಿದ ಗಿಡಗಳ ಫೋಟೊ ತೆಗೆದು, ಪಹಣಿ ಜೊತೆಗಿಟ್ಟು ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡುವುದು ಎಡಗಡೆಯ ಮಾತು. ಈ ವರ್ಷ ಮಳೆ ಎಷ್ಟು ಹೊಡೆಯುತ್ತದೆ ಎಂಬುದು ಬಲಗಡೆ. ಮನೆಯ ಹಿಂದಿನ ಚರಂಡಿ ಬಿಡಿಸಿ ಧರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ನೀರು ಸರಾಗವಾಗಿ ಹೋಗುವಂತೆ ಮಾಡುವುದು ಎಡಗಡೆ. ಎಡಗಡೆಯ ಪಟ್ಟಿಯಿಂದ ನಾಳೆಗೆ ಒಂದೇ ಒಂದು ಕೆಲಸ ಆರಿಸಿ, ಪುಸ್ತಕ ಮುಚ್ಚಿ ಎದ್ದುಬಿಡಿ.

ಸಾಲದ ಚಿಂತೆ ಇರುವವರು ಇಲ್ಲೊಂದು ವಿಷಯ ತಿಳಿದಿರಬೇಕು, ಏಕೆಂದರೆ ಮನೆಯ ನಗುವನ್ನು ಮೊದಲು ಕಸಿಯುವುದೇ ವಸೂಲಿಯ ಫೋನು. ಭಾರತೀಯ ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಕಿರುಸಾಲ (ಮೈಕ್ರೋಫೈನಾನ್ಸ್) ವಸೂಲಿಯವರು ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ಬೈಯುವಂತಿಲ್ಲ, ನೆಂಟರಿಷ್ಟರಿಗೆ ಕಿರುಕುಳ ಕೊಡುವಂತಿಲ್ಲ. ಕಿರುಸಾಲ ವಸೂಲಿಯ ದಬ್ಬಾಳಿಕೆ ತಡೆಯಲು ಕರ್ನಾಟಕ ಸರ್ಕಾರವೂ 2025ರಲ್ಲಿ ಕಾನೂನು ತಂದಿದೆ. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಈ ನೆರವು ಸಿಗುತ್ತದೆ. ಸಾಲ ತೀರಿಸಲೇಬೇಕು, ಆ ಮಾತು ಬೇರೆ. ಆದರೆ ಸಾಲ ಮಾಡಿದ್ದಕ್ಕೆ ರಾತ್ರಿಯ ಊಟದ ಹೊತ್ತನ್ನೂ ಒತ್ತೆ ಇಟ್ಟಿಲ್ಲವಲ್ಲ!

ಬೆಳಗಿನ ಮೊದಲ ಲೋಟ

ಎದ್ದ ಕೂಡಲೇ ಮೊಬೈಲ್ ಹಿಡಿಯಬೇಡಿ. ಕಾಫಿ ಬೆಲೆ, ಆನೆ ಯಾವ ತೋಟದಲ್ಲಿದೆ ಎಂಬ ಅರಣ್ಯ ಇಲಾಖೆಯ ಸಂದೇಶ, ಯಾರದೋ ಗೃಹಪ್ರವೇಶದ ಫೋಟೊ, ಎಲ್ಲವೂ ಅದರಲ್ಲಿ ಒಟ್ಟಿಗೆ ಕಾದಿರುತ್ತವೆ. ಕತ್ತಲಲ್ಲೇ ತೋಟಕ್ಕೆ ಹೊರಡುವವರು ಆನೆಯ ಸಂದೇಶವನ್ನು ಮಾತ್ರ ನೋಡಲೇಬೇಕು, ಅದು ಜೀವದ ಪ್ರಶ್ನೆ. ಉಳಿದದ್ದೆಲ್ಲ ಅರ್ಧ ಗಂಟೆ ಕಾಯಬಲ್ಲದು.

ಲೋಟ ಹಿಡಿದು ಜಗಲಿಗೆ ಬನ್ನಿ. ಮಲೆನಾಡಿನಲ್ಲಿ ಬೆಲ್ಲ ಹಾಕಿದ ಕರಿ ಕಾಫಿ ಕುಡಿಯುವ ಮನೆಗಳು ಇನ್ನೂ ಇವೆ. ಅದನ್ನು ಗಟಗಟನೆ ಕುಡಿದು ಮುಗಿಸದೆ, ಮೊದಲು ಹಬೆಯ ವಾಸನೆ ತೆಗೆದುಕೊಳ್ಳಿ. ಮೊದಲ ಗುಟುಕಿನ ಕಹಿ, ಅದರ ಹಿಂದೆಯೇ ಬರುವ ಬೆಲ್ಲದ ಸಿಹಿ, ಅಂಗೈಗೆ ತಗಲುವ ಲೋಟದ ಬಿಸಿ ಗಮನಿಸಿ. ಎದುರಿನ ಹಾಲುವಾಣದ ಮರದಲ್ಲಿ ಯಾವ ಹಕ್ಕಿ ಕೂಗುತ್ತಿದೆ ಎಂದು ಆಲಿಸಿ. ಹತ್ತು ನಿಮಿಷ ಸಾಕು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಸರಿಹೋಗುತ್ತದೆ, ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರುತ್ತದೆ. ಆಷಾಢದ ಮಳೆಯಲ್ಲಿ ವಾರಗಟ್ಟಲೆ ಸೂರ್ಯ ಕಾಣದಿದ್ದಾಗ ಮನಸ್ಸು ಮಂಕಾಗುವುದು ಮಲೆನಾಡಿನವರಿಗೆಲ್ಲ ಗೊತ್ತು. ಆಗಲಂತೂ ಒಲೆಯ ಮುಂದೆಯೇ ಕೂರದೆ ಜಗಲಿಗೆ ಬರಲೇಬೇಕು. ಮೋಡದ ಬೆಳಕೂ ಮನೆಯೊಳಗಿನ ಬಲ್ಬಿಗಿಂತ ಎಷ್ಟೋ ಪಾಲು ಹೆಚ್ಚು.

ಮನಸ್ಸು ಬರಲಿ ಎಂದು ಕಾಯದೆ ಕೈಗೆ ಕೆಲಸ ಕೊಡಿ

"ಮನಸ್ಸು ಸರಿಯಿಲ್ಲ, ಏನೂ ಬೇಡ ಅನಿಸುತ್ತದೆ" ಎನ್ನುವವರಿಗೆ ಮನೋವೈದ್ಯರು ಹೇಳುವ ಮಾತೊಂದಿದೆ: ಮೊದಲು ಮಾಡಿ, ಮನಸ್ಸು ಹಿಂದೆ ಬರುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲಿಯೇ ಈ ದಾರಿ ಬಳಕೆಯಲ್ಲಿದೆ. ಕೆಲಸ ಚಿಕ್ಕದಿರಬೇಕು, ಇಂದೇ ಮುಗಿಯುವಂತಿರಬೇಕು, ಮುಗಿದದ್ದು ಕಣ್ಣಿಗೆ ಕಾಣಬೇಕು. ಒಂದು ಕಪಾಟು ಒರೆಸುವುದು, ಹರಿದ ಕಂಬಳಿಗೆ ಹೊಲಿಗೆ ಹಾಕುವುದು, ಸೈಕಲ್ಲಿಗೆ ಎಣ್ಣೆ ಬಿಡುವುದು.

ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ಮೇಲಾದದ್ದು ಡೇರೆ ಗಿಡ. ಮಲೆನಾಡಿನ ಹೆಂಗಸರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಡೇಲಿಯಾ ಹೂವಿಗೆ ನಮ್ಮಲ್ಲಿ ಡೇರೆ ಎನ್ನುತ್ತೇವೆ. ಗಿಡ ಒಣಗಿದ ಮೇಲೆ ಗೆಡ್ಡೆಯನ್ನು ಕಿತ್ತು, ಒಣ ಮಣ್ಣಿನಲ್ಲೋ ಬೂದಿಯಲ್ಲೋ ಇಟ್ಟಿರುತ್ತೇವೆ. ಬೇಸಿಗೆಯ ಕೊನೆಗೆ ಅದರ ಕೊರಳಿನಲ್ಲಿ ಅಕ್ಕಿಕಾಳಿನಷ್ಟು ಚಿಗುರು ಮೂಡುತ್ತದೆ. ಚಿಗುರಿರುವ ಕೊರಳಿನ ಭಾಗ ಸೇರಿಯೇ ಗೆಡ್ಡೆಯನ್ನು ಬಿಡಿಸಬೇಕು. ಬರೀ ಗೆಡ್ಡೆ ನೆಟ್ಟರೆ ಗಿಡ ಬರುವುದಿಲ್ಲ. ಕಳಿತ ಸಗಣಿ ಗೊಬ್ಬರ ಬೆರೆಸಿದ ಮಣ್ಣು, ನೀರು ನಿಲ್ಲದ ಜಾಗ, ಪಕ್ಕದಲ್ಲೊಂದು ಆಸರೆ ಕೋಲು. ಗಿಡ ಗೇಣುದ್ದ ಮೀರಿದಾಗ ತುದಿ ಚಿವುಟಿದರೆ ಕವಲು ಒಡೆದು ಹೂ ಹೆಚ್ಚುತ್ತದೆ. ಜಡಿಮಳೆಯ ನಡುವೆ, ಹೊರಗೆಲ್ಲ ಬೂದುಬಣ್ಣವಾಗಿ, ಒಗೆದ ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆ ಹಿಡಿದಿರುವಾಗ ಅಂಗಳದಲ್ಲಿ ತಟ್ಟೆಯಗಲದ ಕೆಂಪು ಡೇರೆ ಬಿರಿದು, ನೀರಿನ ಭಾರಕ್ಕೆ ತಲೆ ತಗ್ಗಿಸಿ ನಿಂತಿರುತ್ತದೆ. ಅದನ್ನು ನೋಡಲೆಂದೇ ಛತ್ರಿ ಹಿಡಿದು ಹೊರಗೆ ಹೋಗುತ್ತೇವೆ.

ಡೇರೆಯ ನಿಜವಾದ ಲಾಭ ಹೂವಿಗಿಂತ ಮೊದಲೇ ಸಿಗುತ್ತದೆ. ಗೆಡ್ಡೆಯನ್ನು ಯಾರೂ ಅಂಗಡಿಯಲ್ಲಿ ಕೊಳ್ಳುವುದಿಲ್ಲ. "ನಿಮ್ಮ ಹಳದಿಯದೊಂದು ಗೆಡ್ಡೆ ಕೊಡಿ ಅತ್ತಿಗೆ, ನಮ್ಮ ಬಿಳಿಯದು ತಂದಿದ್ದೇನೆ" ಎಂದು ಮನೆಯಿಂದ ಮನೆಗೆ ಹೋಗುವ ನೆಪವದು. ವರ್ಷದಿಂದ ಮಾತು ಬಿಟ್ಟಿದ್ದ ಓರಗಿತ್ತಿಯರು ಗೆಡ್ಡೆಯ ನೆಪದಲ್ಲಿ ಮಾತಿಗೆ ಕೂತದ್ದನ್ನು ನಾನು ನೋಡಿದ್ದೇನೆ. ಹಾಸನ, ಚಿಕ್ಕಮಗಳೂರು ಪಟ್ಟಣದ ಬಾಡಿಗೆ ಮನೆಯಲ್ಲಿರುವವರು ಹಳೆಯ ಬಕೆಟ್ಟಿನ ತಳಕ್ಕೆ ತೂತು ಮಾಡಿ ಮೆಂತೆ, ಕೊತ್ತಂಬರಿ ಹಾಕಿದರೂ ಆದೀತು. ಮೆಂತೆ ನಾಲ್ಕೈದು ದಿನಕ್ಕೆಲ್ಲ ಮೊಳಕೆ ತೋರಿಸುತ್ತದೆ, ಕಾಯಲು ತಾಳ್ಮೆಯಿಲ್ಲದವರಿಗೂ ಒಳ್ಳೆಯದು.

ಮುಯ್ಯಿ ಕಟ್ಟಿಕೊಳ್ಳಿ

ಹಾರ್ವರ್ಡ್ ವಿಶ್ವವಿದ್ಯಾಲಯ 1938ರಲ್ಲಿ ಆರಂಭಿಸಿದ ಅಧ್ಯಯನವೊಂದು ಅವೇ ಜನರ ಬದುಕನ್ನು, ಆಮೇಲೆ ಅವರ ಮಕ್ಕಳ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿದೆ. ವಯಸ್ಸಾದ ಮೇಲೆ ಆರೋಗ್ಯವಾಗಿ, ನೆಮ್ಮದಿಯಾಗಿ ಇದ್ದವರು ಯಾರು ಎಂದು ನೋಡಿದರೆ, ಹಣ ಹೆಸರುಗಳಿಗಿಂತ ಹತ್ತಿರದವರ ಜೊತೆ ಒಳ್ಳೆಯ ಸಂಬಂಧ ಇದ್ದವರು ಎಂದು ತಿಳಿಯಿತು. ಗದ್ದೆ ಕೆಲಸಕ್ಕೆ ಮುಯ್ಯಾಳು ಕೊಟ್ಟು ತೆಗೆದುಕೊಂಡು ಬದುಕಿದ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಇವತ್ತು ನಿಮ್ಮ ನಾಟಿಗೆ ನಾನು, ನಾಳೆ ನನ್ನ ನಾಟಿಗೆ ನೀವು. ಗದ್ದೆಗಳು ಕಡಿಮೆಯಾದವು, ಮುಯ್ಯಿಯೂ ಹೋಯಿತು. ಅದನ್ನು ಬೇರೆ ಕೆಲಸಗಳಿಗೆ ಮರಳಿ ತರಬೇಕೆಂಬುದು ನನ್ನ ಬಲವಾದ ಆಸೆ.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ನೋಡಿಕೊಳ್ಳುವವರಿಗೆ ಹೊರಗಿನ ಗಾಳಿಯೇ ಇರುವುದಿಲ್ಲ. ಲಕ್ವ ಹೊಡೆದ ಅತ್ತೆಗೆ ಮಗ್ಗುಲು ಬದಲಿಸಬೇಕು, ಗಂಜಿ ಕುಡಿಸಬೇಕು, ಬಟ್ಟೆ ಬದಲಿಸಬೇಕು. ಇಂಥ ಮನೆಯ ಸೊಸೆಗೆ "ಸಂತೋಷವಾಗಿರು" ಎಂದು ಉಪದೇಶ ಮಾಡುವುದು ಕ್ರೌರ್ಯ. ಅವಳಿಗೆ ಬೇಕಾದದ್ದು ಎರಡು ಗಂಟೆ ಬಿಡುವು. ಆದ್ದರಿಂದ ಎರಡು ಮನೆಗಳು ಒಪ್ಪಂದ ಮಾಡಿಕೊಳ್ಳಿ. ಕೇಳುವಾಗ ಹೊತ್ತು, ಕೆಲಸ ಎರಡನ್ನೂ ಬಿಡಿಸಿ ಹೇಳಿ: "ಅಕ್ಕಾ, ಗುರುವಾರ ಮಧ್ಯಾಹ್ನ ಎರಡರಿಂದ ನಾಲ್ಕು ನಮ್ಮತ್ತೆಯ ಹತ್ತಿರ ಕುಳಿತಿರುತ್ತೀರಾ? ಶನಿವಾರ ನಿಮ್ಮ ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ." "ಯಾವಾಗಲಾದರೂ ಸಹಾಯ ಬೇಕಾದರೆ ಹೇಳಿ" ಎಂಬ ಮಾತಿನಿಂದ ಯಾರ ಮನೆಯ ಕೆಲಸವೂ ಆಗುವುದಿಲ್ಲ, ಹೇಳುವವರೂ ದಿನ ಗೊತ್ತುಮಾಡಿ ಹೇಳಬೇಕು. ಸಿಕ್ಕಿದ ಎರಡು ಗಂಟೆಯಲ್ಲಿ ಬಾಕಿ ಬಟ್ಟೆ ಒಗೆಯಲು ಕೂರಬಾರದು, ಅದು ಒಪ್ಪಂದದ ಮೊದಲ ಷರತ್ತಾಗಿರಲಿ.

ಒಂಟಿಯಾಗಿರುವ ಹಿರಿಯರ ಮಾತೂ ಇಲ್ಲೇ ಬರುತ್ತದೆ. ಮಕ್ಕಳೆಲ್ಲ ಬೆಂಗಳೂರು ಸೇರಿದ ದೊಡ್ಡ ತೊಟ್ಟಿಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ ಉಳಿದಿರುವುದು ನಮ್ಮ ಊರುಗಳಲ್ಲಿ ಸಾಮಾನ್ಯವಾಗಿದೆ. ಹಪ್ಪಳ ಮಾಡುವ ದಿನ ಅವರನ್ನು ಕರೆಯಿರಿ. ಹಲಸಿನಕಾಯಿ ಬೇಯಿಸಿ ರುಬ್ಬಿದ ಹಿಟ್ಟಿಗೆ ಉಪ್ಪು ಖಾರ ಎಷ್ಟಿರಬೇಕೆಂದು ಅಜ್ಜಿಯನ್ನೇ ಕೇಳಿ. ತನ್ನಿಂದ ಇನ್ನೂ ಯಾರಿಗೋ ಉಪಯೋಗವಿದೆ ಎಂದು ತಿಳಿದವರ ಮುಖ ಬೇರೆಯೇ ಇರುತ್ತದೆ.

ವಾರಕ್ಕೊಮ್ಮೆ ಗಂಟಲು ಬಿಡಿ

ಸ್ತ್ರೀಶಕ್ತಿ ಸಂಘದ ಸಭೆ ಉಳಿತಾಯ, ಕಂತುಗಳ ಲೆಕ್ಕದಲ್ಲೇ ಮುಗಿಯುತ್ತದೆ. ಲೆಕ್ಕ ಮುಗಿದ ಮೇಲೆ ಕಾಲು ಗಂಟೆ ಹಾಡಿ. ಸೋಬಾನೆ ಪದವೋ, ನಾಟಿ ಪದವೋ, ಭಜನೆಯೋ ಯಾವುದಾದರೂ ಸರಿ. ರಾಗ ತಪ್ಪಿದರೂ ಚಿಂತೆಯಿಲ್ಲ. ಗುಂಪಿನಲ್ಲಿ ಹಾಡುವಾಗ ಎಲ್ಲರ ಉಸಿರೂ ಒಂದೇ ಲಯಕ್ಕೆ ಬರುತ್ತದೆ, ಬಿಗಿದ ಎದೆ ಸಡಿಲಾಗುತ್ತದೆ. ಗಂಡಸರಿಗೆ ಇಂಥ ಜಾಗವೇ ಕಡಿಮೆ ಎನ್ನುವುದು ನನ್ನ ಅನಿಸಿಕೆ. ವಾಲಿಬಾಲ್ ಅಂಕಣ, ಭಜನಾ ಮಂಡಳಿ, ಸುಗ್ಗಿ ಕುಣಿತದ ತಾಲೀಮು ಊರಲ್ಲಿ ಇದ್ದರೆ ಬಿಡಬೇಡಿ.

ಊರ ಹೊರಗೆ ಒಂದು ದಿನ

ಪ್ರವಾಸ ಎಂದರೆ ದುಡ್ಡು ಎಂದುಕೊಂಡು ಕೈಬಿಡುವವರೇ ಹೆಚ್ಚು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಕರ್ನಾಟಕದ ಹೆಣ್ಣುಮಕ್ಕಳು ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಓಡಾಡಬಹುದು. ಗುರುತಿನ ಚೀಟಿ, ಬುತ್ತಿ, ನೀರಿನ ಬಾಟಲಿ ಇಟ್ಟುಕೊಂಡು ಹೊರಟರೆ ಆಯಿತು. ಜೊತೆಗೆ ಬರುವ ಗಂಡಸರ ಟಿಕೆಟ್ಟಿನ ಖರ್ಚಷ್ಟೇ ಲೆಕ್ಕ.

ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳನ್ನು ನೋಡಲು ದೂರದೇಶದವರು ಬರುತ್ತಾರೆ. ಹತ್ತಿಪ್ಪತ್ತು ಮೈಲಿಯೊಳಗಿರುವ ನಾವು ಶಾಲೆಯ ಪ್ರವಾಸದಲ್ಲಿ ಓಡುತ್ತಾ ನೋಡಿದ್ದೇ ಕೊನೆ. ಈ ಸಲ ಹಳೇಬೀಡಿಗೆ ಹೋದಾಗ ಇಡೀ ಗುಡಿ ನೋಡುವ ಆತುರ ಬೇಡ. ಹೊಯ್ಸಳೇಶ್ವರ ಗುಡಿಯ ಗೋಡೆಯ ತೀರಾ ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲಿದೆ. ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬರೀ ಹತ್ತು ಆನೆ ನೋಡಿ. ಸೊಂಡಿಲು, ಕಾಲು, ಕೊರಳ ಗಂಟೆಯ ಸರ, ಒಂದರಿಂದ ಒಂದಕ್ಕೆ ಏನು ವ್ಯತ್ಯಾಸವೆಂದು ಮಕ್ಕಳಿಗೆ ಹುಡುಕಲು ಹೇಳಿ. ತೋಟಕ್ಕೆ ನುಗ್ಗುವ ಆನೆಯ ಭಯದಲ್ಲೇ ವರ್ಷ ಕಳೆಯುವ ನಮಗೆ ಕಲ್ಲಿನ ಆನೆಯನ್ನು ಹತ್ತಿರದಿಂದ, ನೆಮ್ಮದಿಯಾಗಿ ನೋಡುವುದು ಬೇರೆಯೇ ಅನುಭವ. ಕಣ್ಣು ಹೀಗೆ ಒಂದು ಕಡೆ ನೆಟ್ಟಾಗ ತಲೆಯೊಳಗಿನ ಗದ್ದಲ ತಗ್ಗುತ್ತದೆ.

ಇಡೀ ದಿನ ಸಿಗದವರು ಹಾಸನದ ಮಹಾರಾಜ ಪಾರ್ಕಿಗೋ ಚಿಕ್ಕಮಗಳೂರಿನ ರತ್ನಗಿರಿ ಬೋರೆಗೋ ಸಂಜೆ ಹೋಗಿ ಬರಬಹುದು. ವಾರಕ್ಕೆ ಒಟ್ಟು 150 ನಿಮಿಷ ಚುರುಕಾಗಿ ನಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನವೆಲ್ಲ ತೋಟದಲ್ಲಿ ಮೈ ಮುರಿಯುವವರಿಗೆ ಇದು ಬೇಕಿಲ್ಲ, ಅವರಿಗೆ ಕಾಲು ಚಾಚಿ ಕೂರುವುದೇ ಸುಖ.

ಮಲಗುವ ಮೊದಲು ಮೂರು ಸಾಲು

ಚಿಂತೆಯ ಪುಸ್ತಕವನ್ನೇ ತಿರುಗಿಸಿ, ಹಿಂದಿನ ಪುಟದಿಂದ ಬರೆಯಿರಿ. ಇಂದು ಒಳ್ಳೆಯದಾದ ಮೂರು ಸಂಗತಿ. 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ, ತಾವು ಕೃತಜ್ಞರಾಗಿರುವ ಸಂಗತಿಗಳನ್ನು ಬರೆದವರು ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಲ್ಲಿದ್ದರು. "ದೇವರು ಚೆನ್ನಾಗಿಟ್ಟಿದ್ದಾನೆ" ಎಂಬಂಥ ಸಾಲು ಬರೆದರೆ ನಾಲ್ಕೇ ದಿನಕ್ಕೆ ಬೇಸರ ಬರುತ್ತದೆ. "ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು", "ಕಳಲೆ ಪಲ್ಯ ಹದವಾಗಿತ್ತು, ಮಾವ ಎರಡನೇ ಸಲ ಹಾಕಿಸಿಕೊಂಡರು", "ಹೂಮಳೆ ಬಿದ್ದು ವಾರವಾಯಿತು, ತೋಟದಲ್ಲಿ ಮೊಗ್ಗು ಬೆಳ್ಳಗಾಗುತ್ತಿದೆ" ಎಂದು ಬರೆಯಿರಿ. ಬರೆಯಲು ಬಾರದವರು ಮಗ್ಗುಲಲ್ಲಿ ಮಲಗಿದ ಮಗುವಿಗೆ ಹೇಳಿದರೂ ಸಾಕು.

ಸಾವಿನ ಮನೆಯವರಿಗೆ ಮಾತ್ರ ಇದನ್ನು ಹೇಳಬೇಡಿ. ಅಳುವ ಕಾಲದಲ್ಲಿ ಅಳಬೇಕು. ಅವರ ಪಕ್ಕದಲ್ಲಿ ಸುಮ್ಮನೆ ಕುಳಿತು, ಹೊತ್ತಿಗೆ ಸರಿಯಾಗಿ ಅನ್ನ ಸಾರು ತಂದುಕೊಡುವುದು ನಮ್ಮ ಕೆಲಸ.

ಬಿಡಬೇಕಾದದ್ದು

ಹೆಂಡವನ್ನು ನೋವಿನ ಔಷಧಿ ಎಂದುಕೊಳ್ಳುವುದನ್ನು ಬಿಡಬೇಕು. ಅದು ಆ ಹೊತ್ತಿಗೆ ಮರೆಸಿ, ನಿದ್ದೆ ಕೆಡಿಸಿ, ಮಾರನೆಯ ದಿನ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ; ಕೂಲಿಯ ಹಣ ಎಲ್ಲಿಗೆ ಹೋಯಿತೆಂದು ಹೆಂಡತಿ ಮಕ್ಕಳಿಗೆ ಗೊತ್ತಿರುತ್ತದೆ. ಎರಡನೆಯದು, ನಾಲ್ಕು ಜನ ನೋಡಲಿ ಎಂದು ಸಾಲ ಮಾಡಿ ಮದುವೆ ಮಾಡುವುದು. ಒಂದು ದಿನದ ಚಪ್ಪರಕ್ಕೆ ಐದು ವರ್ಷದ ನೆಮ್ಮದಿ ಕೊಡುವ ವ್ಯವಹಾರ ಯಾವ ಲೆಕ್ಕದಲ್ಲೂ ಸರಿಯಲ್ಲ.

ಯಾವುದೂ ಫಲಿಸದಿದ್ದರೆ

ಎರಡು ವಾರ ಮೀರಿ ನಿದ್ದೆ, ಹಸಿವು ಕೆಟ್ಟಿದ್ದರೆ, ಇಷ್ಟದ ಕೆಲಸದಲ್ಲೂ ಆಸಕ್ತಿ ಹೋಗಿದ್ದರೆ, ತಾನು ಯಾರಿಗೂ ಬೇಡವೆಂಬ ಯೋಚನೆ ಬಿಡದೆ ಕಾಡುತ್ತಿದ್ದರೆ ಅದು ಕಾಯಿಲೆ ಇರಬಹುದು. ಜ್ವರಕ್ಕೆ ಡಾಕ್ಟರ ಹತ್ತಿರ ಹೋಗುವ ಹಾಗೆಯೇ ಇದಕ್ಕೂ ಹೋಗಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿಯೇ ಮಾತಾಡಬಹುದು, ದುಡ್ಡಿಲ್ಲ. ಏನು ಹೇಳಬೇಕೆಂದು ತೋಚದಿದ್ದರೆ "ನಿದ್ದೆ ಬರುತ್ತಿಲ್ಲ" ಎಂಬಲ್ಲಿಂದ ಶುರುಮಾಡಿ, ಉಳಿದದ್ದನ್ನು ಅವರೇ ಕೇಳುತ್ತಾರೆ. ಮುಖಾಮುಖಿ ಕಾಣಬೇಕೆಂದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿದ್ದಾರೆ. ಹೋಗುವಾಗ ಮನೆಯವರೊಬ್ಬರು ಜೊತೆಗಿರಲಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ಬರೆದುಕೊಟ್ಟ ಮಾತ್ರೆಯನ್ನು ಸ್ವಲ್ಪ ಹಗುರಾದ ಕೂಡಲೇ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಮನೆಯಲ್ಲಿ ಯಾರಾದರೂ ಸಾಯುವ ಮಾತಾಡಿದರೆ ಅದನ್ನು ಬಾಯಿಮಾತೆಂದು ತಳ್ಳಿಹಾಕಬೇಡಿ, ಬೈಯಬೇಡಿ. "ಸಾಯಬೇಕು ಅನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿ, ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ, ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬಗಳನ್ನು ಅಂದೇ ಕೋಣೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು, 14416ಕ್ಕೆ ಕರೆ ಮಾಡಿ. ಈಗಾಗಲೇ ಏನಾದರೂ ಕುಡಿದಿದ್ದಾರೆಂದು ಗೊತ್ತಾದರೆ ವಾಂತಿ ಮಾಡಿಸುತ್ತಾ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ, ಕುಡಿದ ಔಷಧಿಯ ಡಬ್ಬವನ್ನೂ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ.